ಹಿತ್ತಲ ಕುಂಬಳದ ಬಾಡುವಿಕೆ: ಕಾರಣನಿರ್ಣಯದ ಕ್ರಮ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂತಹ ಊರುಗಳಲ್ಲಿ ಸಿಹಿಕುಂಬಳದ ಬೀಜವನ್ನು ಬಚ್ಚಲ ನೀರು ಹರಿಯುವೆಡೆ ಊರಿ, ಬಳ್ಳಿಯನ್ನು ಚಪ್ಪರಕ್ಕೋ ಸೂರಿಗೋ ಹಬ್ಬಿಸುವುದುಂಟು. ಹೂ ಬಿಟ್ಟು ಹೀಚು ಕಟ್ಟುವ ಹೊತ್ತಿಗೆ ಬಳ್ಳಿಯು ಬಾಡಿತೆಂದರೆ ಮನೆಯವರು ಮೊದಲು ಇನ್ನೆರಡು ಕೊಡ ನೀರು ಹೊಯ್ಯುತ್ತಾರೆ. ಅನೇಕ ವೇಳೆ ಈ ಉಪಚಾರವೇ ಬಳ್ಳಿಯ ಮರಣಕ್ಕೆ ಕಾರಣವಾಗುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬಾಡುವಿಕೆಯು ಒಂದು ಲಕ್ಷಣಮಾತ್ರ. ಎಲೆಯಿಂದ ಆವಿಯಾಗುವ ನೀರು ಬೇರು ಒದಗಿಸುವ ನೀರನ್ನು ಮೀರಿದಾಗಲೆಲ್ಲ ಅದು ತೋರುತ್ತದೆ. ಕುಂಬಳದ ಎಲೆ ಅಗಲವಾದುದು. ಬೇಸಗೆಯ ನಡುಹಗಲಿನಲ್ಲಿ ಆರೋಗ್ಯವುಳ್ಳ ಬಳ್ಳಿಯೂ ಎಲೆ ಜೋಲಿಸಿ, ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಆದುದರಿಂದ ಪರೀಕ್ಷೆಯನ್ನು ಸೂರ್ಯೋದಯದ ಸಮಯದಲ್ಲಿ ಮಾಡತಕ್ಕದ್ದು. ಆಗಲೂ ಜೋತಿರುವ ಎಲೆ ಮಾತ್ರ ಚಿಂತೆಗೆ ವಿಷಯ.

ಅನಂತರ ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡಬೇಕು. ಒಣಗಿದ್ದರೆ ನೀರೇ ಮದ್ದು. ಕೆಸರಾಗಿದ್ದರೆ ಸಂಗತಿ ಬೇರೆ: ಮಣ್ಣಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ನಿಂತು, ಆಮ್ಲಜನಕವಿಲ್ಲದೆ ಬೇರು ಉಸಿರುಕಟ್ಟುತ್ತದೆ, ಪಿಥಿಯಮ್ ಮೊದಲಾದ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ನೀರಿನಲ್ಲಿಯೇ ನಿಂತ ಬಳ್ಳಿ ಬಾಯಾರಿ ಸಾಯುವುದು ಹೀಗೆ. ಬಚ್ಚಲ ಕಾಲುವೆಯನ್ನು ಆಚೆಗೆ ತಿರುಗಿಸುವುದೇ ಇಲ್ಲಿ ಚಿಕಿತ್ಸೆ.

ಮಣ್ಣಿನ ಹದ ಸರಿಯಿದ್ದೂ ಬಳ್ಳಿ ಬಾಡಿದರೆ ಬುಡವನ್ನು ಕೆದಕಬೇಕು. ಎಳೆಯ ಎಲೆಗಳನ್ನು ತೂತುಮಾಡುವ ಕೆಂಪು ದುಂಬಿಯನ್ನು ಎಲ್ಲರೂ ಬಲ್ಲರು. ಅದರ ಮರಿಹುಳು ಮಣ್ಣಿನಲ್ಲಿ ಅಡಗಿ ಬೇರನ್ನೂ ನೆಲದೊಳಗಣ ಕಾಂಡವನ್ನೂ ಕೊರೆಯುವುದನ್ನು ಬಲ್ಲವರು ಕಡಮೆ. ಬೇರಿನಲ್ಲಿ ಗಂಟುಗಳಿದ್ದರೆ ಅದು ಮೆಲಾಯ್ಡೋಗೈನ್ ಎಂಬ ಸೂಕ್ಷ್ಮ ಜಂತುಹುಳುವಿನ ಕೆಲಸ. ಅವರೆ, ಹುರುಳಿಗಳ ಬೇರಿನ ಉಪಕಾರಿ ಗಂಟನ್ನು ನೆನೆದು ಸಂತೋಷಪಡಬಾರದು. ಅದು ಉಜ್ಜಿದರೆ ಕಳಚಿಕೊಳ್ಳುತ್ತದೆ, ಇಲ್ಲಿ ಬೇರೇ ಉಬ್ಬಿರುತ್ತದೆ. ಬುಡದ ಕಾಂಡವನ್ನು ಸೀಳಿದಾಗ ನಾಳಗಳು ಕಂದಾಗಿದ್ದರೆ ಫ್ಯುಸೇರಿಯಮ್ ಶಿಲೀಂಧ್ರವನ್ನು ಶಂಕಿಸಬೇಕು.

ಅಮೆರಿಕದ ಗ್ರಂಥಗಳನ್ನೋದಿದ ವಿದ್ಯಾರ್ಥಿಗಳು, ಕೊಯ್ದ ಕಾಂಡದಿಂದ ಜಿಗುಟಾದ ಎಳೆ ಹೊರಡುವುದೋ ಎಂದು ಮೊದಲು ನೋಡುವ ಸಂಭವವುಂಟು. ಅರ್ವಿನ್ ಸ್ಮಿತ್ 1895ರಲ್ಲಿ ವರ್ಣಿಸಿದ ಆ ಬ್ಯಾಕ್ಟೀರಿಯಾಜನ್ಯ ವ್ಯಾಧಿಯು ಮುಖ್ಯವಾಗಿ ಉತ್ತರ ಅಮೆರಿಕದ್ದು. ಅದನ್ನು ಹರಡುವ ಪಟ್ಟೆದುಂಬಿಯೂ ಅಲ್ಲಿಯದೇ. ನಮ್ಮ ಹಿತ್ತಲಿನಲ್ಲಿ ಬೇರನ್ನು ನೋಡುವ ಮೊದಲೇ ಅದನ್ನು ಊಹಿಸುವುದು ಸಲ್ಲದು.

ಜಂತುಹುಳುವಾಗಲಿ ಫ್ಯುಸೇರಿಯಮ್ ಆಗಲಿ ಮಣ್ಣಿನಲ್ಲಿಯೇ ಉಳಿಯುವುದರಿಂದ, ಮರುವರ್ಷ ಅದೇ ಗುಣಿಯಲ್ಲಿ ಕುಂಬಳವನ್ನು ಊರಬಾರದು. ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ತಿಪ್ಪೆಗೆ ಎಸೆದರೆ ಪೀಡೆಯು ಗೊಬ್ಬರದೊಡನೆ ಹಿತ್ತಲಿಗೇ ಮರಳಬಹುದು.