"ಏನಾದ್ರೂ ಕೇಳೋದಿದೆಯಾ?" ಅಂದಾಗ ಮಾರ್ಕೆಟಿಂಗ್‌ನವರು ಕೇಳಬೇಕಾದ ಐದು ಪ್ರಶ್ನೆ

ಇವತ್ತಿನ ಸಂಚಿಕೆ ಮಾರ್ಕೆಟಿಂಗ್ ಕೆಲಸ ಹುಡುಕ್ತಿರೋರಿಗೆ. ಇಂಟರ್‌ವ್ಯೂ ಕೊನೆಗೆ "ನಿಮಗೇನಾದ್ರೂ ಕೇಳೋದಿದೆಯಾ?" ಅಂತಾರಲ್ಲ, ಆ ಐದು ನಿಮಿಷದ ಬಗ್ಗೆ ಮಾತಾಡೋಣ. ಹೆಚ್ಚಿನವರು "ಇಲ್ಲ ಸರ್, ಎಲ್ಲಾ ಕ್ಲಿಯರ್" ಅಂತ ಎದ್ದು ಬಂದುಬಿಡ್ತಾರೆ. ಕೇಳಿದ್ರೆ ಎಲ್ಲಿ ಕೆಲಸ ತಪ್ಪಿಹೋಗುತ್ತೋ ಅನ್ನೋ ಭಯ.

ಮಾರ್ಕೆಟಿಂಗ್‌ನಲ್ಲಿ ಈ ಭಯ ದುಬಾರಿ. ಯಾಕಂದ್ರೆ ಹುದ್ದೆಯ ಹೆಸರು ನೋಡಿ ಕೆಲಸ ಏನು ಅಂತ ಹೇಳೋಕಾಗಲ್ಲ. "ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್" ಅಂದ್ರೆ ಒಂದು ಕಂಪನಿಯಲ್ಲಿ ಗೂಗಲ್ ಜಾಹೀರಾತು ನಡೆಸೋದು, ಇನ್ನೊಂದರಲ್ಲಿ ರೀಲ್ಸ್ ಎಡಿಟ್ ಮಾಡೋದು, ಮತ್ತೊಂದರಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಫೋನ್ ಮಾಡೋದು. ದಾವಣಗೆರೆಯ ನನ್ನ ಸ್ನೇಹಿತೆಯೊಬ್ಬಳು ಡಿಜಿಟಲ್ ಮಾರ್ಕೆಟಿಂಗ್ ಅಂತ ಬೆಂಗಳೂರಿನ ಒಂದು ಕಂಪನಿಗೆ ಸೇರಿದಳು. ಪಿಜಿಗೆ ಅಡ್ವಾನ್ಸ್ ಕೊಟ್ಟಾಗಿತ್ತು, ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಮೂರನೇ ವಾರ ಅವಳ ಕೈಗೆ ಹೆಡ್‌ಸೆಟ್ ಬಂತು. ಕೆಲಸ ಬಿಡೋ ಹಾಗೂ ಇಲ್ಲ, ಇರೋ ಹಾಗೂ ಇಲ್ಲ.

ಅದಕ್ಕೇ ಮೊದಲ ಪ್ರಶ್ನೆ: "ಸರ್, ಮೊದಲ ಮೂರು ತಿಂಗಳಲ್ಲಿ ನಾನು ಚೆನ್ನಾಗಿ ಕೆಲಸ ಮಾಡಿದೀನಿ ಅಂತ ಯಾವ ನಂಬರ್ ನೋಡಿ ಹೇಳ್ತೀರಿ?" ಇಷ್ಟು ಲೀಡ್ ಬರಬೇಕು, ಇಷ್ಟು ಮಾರಾಟ ಆಗಬೇಕು ಅಂತ ಅವರು ಹೇಳಿದ್ರೆ ಕೆಲಸದ ಆಕಾರ ಗೊತ್ತಾಗುತ್ತೆ. "ಬ್ರ್ಯಾಂಡ್ ಬೆಳೆಸಬೇಕು, ಎಲ್ಲಾನೂ ನೋಡ್ಕೋಬೇಕು" ಅಂದ್ರೆ ಅವರಿಗೇ ಇನ್ನೂ ಸ್ಪಷ್ಟ ಆಗಿಲ್ಲ. ಆಗ "ದಿನದಲ್ಲಿ ಹೆಚ್ಚು ಹೊತ್ತು ಯಾವ ಕೆಲಸ ಇರುತ್ತೆ?" ಅಂತ ಇನ್ನೊಮ್ಮೆ ಕೇಳಿ.

ಎರಡನೇದು ಬಜೆಟ್: "ಆ ಗುರಿಗೆ ತಿಂಗಳ ಜಾಹೀರಾತು ಬಜೆಟ್ ಎಷ್ಟು? ಜಿಎಸ್‌ಟಿ ಸೇರಿಸಿಯಾ, ಬಿಟ್ಟಾ?" ಬಿಕಾಂ ಓದಿದ ನನಗೆ ಇದು ಪ್ರೀತಿಯ ಪ್ರಶ್ನೆ. ಭಾರತದಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ 18% ಜಿಎಸ್‌ಟಿ ಇದೆ. 50,000 ರೂಪಾಯಿ ಕೊಟ್ಟು 500 ಲೀಡ್ ತನ್ನಿ ಅಂದ್ರೆ, ಒಂದಕ್ಕೆ 100 ರೂಪಾಯಿ ಅನ್ಸುತ್ತೆ. ತೆರಿಗೆ ಅದರೊಳಗೇ ಇದ್ರೆ ಜಾಹೀರಾತಿಗೆ ಉಳಿಯೋದು ಸುಮಾರು 42,373 ರೂಪಾಯಿ, ಅಂದ್ರೆ ಲೀಡ್‌ಗೆ 85ಕ್ಕಿಂತ ಕಮ್ಮಿ. ಕಂಪನಿ ಆ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೀಬಹುದು, ಆದ್ರೆ ನಿಮ್ಮ ಬಜೆಟ್‌ಗೆ ಅದು ಬರೋದು ಅನುಮಾನ. "ಈಗ ಒಂದು ಲೀಡ್ ಎಷ್ಟಕ್ಕೆ ಬೀಳ್ತಿದೆ?" ಅಂತಲೂ ಕೇಳಿ. ಈಗ 200 ರೂಪಾಯಿಗೆ ಬರ್ತಿರೋದನ್ನ ನಿಮ್ಮಿಂದ 85ಕ್ಕೆ ಕೇಳ್ತಿದ್ರೆ ಜಗಳ ಸೇರಿದ ದಿನದಿಂದಲೇ ಶುರು.

ಮೂರನೇದು: "ಲೀಡ್ ಬಂದಮೇಲೆ ಯಾರು ಫೋನ್ ಮಾಡ್ತಾರೆ, ಎಷ್ಟು ಹೊತ್ತಲ್ಲಿ?" ಮಾರಾಟ ಆಗದಿದ್ರೆ ಸೇಲ್ಸ್‌ನವರು "ಲೀಡ್ ಸರಿ ಇಲ್ಲ" ಅಂತಾರೆ, ಮಾರ್ಕೆಟಿಂಗ್‌ನವರು "ನೀವು ಫೋನೇ ಮಾಡಿಲ್ಲ" ಅಂತಾರೆ. ಯಾವ ಲೀಡ್ ಏನಾಯ್ತು ಅಂತ ಎರಡೂ ಕಡೆಯವರು ಒಂದೇ ಕಡೆ ಬರೆದಿಡೋ ವ್ಯವಸ್ಥೆ ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ ಬೈಸ್ಕೊಳ್ಳೋರು ಹೊಸಬರೇ.

ನಾಲ್ಕನೇದು ಕಾನೂನಿನ ವಿಷಯ: "ಗ್ರಾಹಕರ ನಂಬರ್‌ಗಳು ಎಲ್ಲಿಂದ ಬರ್ತವೆ? ಜಾಹೀರಾತಿನ ಮಾತನ್ನ ಕೊನೆಗೆ ಯಾರು ಒಪ್ತಾರೆ?" ದುಡ್ಡು ಕೊಟ್ಟು ತಂದ ನಂಬರ್ ಪಟ್ಟಿಗೆ ಮೆಸೇಜ್ ಕಳಿಸೋದು ಅಂದ್ರೆ ಕೇಳದವರ ಮನೆ ಬಾಗಿಲು ತಟ್ಟಿದ ಹಾಗೆ. ಜನರ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೋಚಿಂಗ್ ಸೆಂಟರ್ ಜಾಹೀರಾತಿಗೆ ಅಂತಲೇ 2024ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೇರೆ ಮಾರ್ಗಸೂಚಿ ತಂದಿದೆ. ದಂಡ ಕಟ್ಟೋದು ಕಂಪನಿ ಇರಬಹುದು. ಆದ್ರೆ "100% ಕೆಲಸ ಗ್ಯಾರಂಟಿ" ಅಂತ ಟೈಪ್ ಮಾಡೋ ಕೈ ನಿಮ್ಮದು. ಅದನ್ನ ನಂಬಿ ಫೀಸ್ ಕಟ್ಟೋರು ನಿಮ್ಮ ಊರಿನವರೇ ಆಗಿರಬಹುದು.

ಐದನೇದು ಸಂಬಳ. ಇದನ್ನ ಮ್ಯಾನೇಜರ್ ಹತ್ರ ಅಲ್ಲ, ಎಚ್‌ಆರ್ ಹತ್ರ ಕೇಳಿ: "ಸಿಟಿಸಿಯಲ್ಲಿ ವೇರಿಯಬಲ್ ಎಷ್ಟು? ಕಳೆದ ವರ್ಷ ಈ ಟೀಮ್‌ಗೆ ಅದರಲ್ಲಿ ಎಷ್ಟು ಸಿಕ್ಕಿತು?" ಒಂದು ಲೆಕ್ಕ ನೋಡಿ. ಸಿಟಿಸಿ 6 ಲಕ್ಷ, ಅದರಲ್ಲಿ 20% ವೇರಿಯಬಲ್. ಖಚಿತವಾಗಿರೋದು 4.8 ಲಕ್ಷ, ತಿಂಗಳಿಗೆ 40,000. ಬೇಸಿಕ್ 20,000 ಅಂದುಕೊಳ್ಳಿ. ಪಿಎಫ್‌ನ 15,000 ರೂಪಾಯಿ ಮಿತಿಯ ಮೇಲೆ ಲೆಕ್ಕ ಹಾಕಿದ್ರೆ ಕಂಪನಿಯ ಪಾಲು 1,800, ನಿಮ್ಮ ಪಾಲು 1,800. ಗ್ರಾಚುಟಿ ಅಂತ ಸುಮಾರು 960. ಕರ್ನಾಟಕದ ವೃತ್ತಿ ತೆರಿಗೆ 200. ಕೈಗೆ ಬರೋದು ಸುಮಾರು 35,000. 6 ಲಕ್ಷವನ್ನ 12ರಿಂದ ಭಾಗಿಸಿ 50,000 ಅಂತ ಮನೆ ಬಾಡಿಗೆಗೆ ಒಪ್ಪಿಕೊಂಡ್ರೆ ತಿಂಗಳ ಕೊನೆಗೆ ಅಪ್ಪನಿಗೆ ಫೋನ್ ಮಾಡಬೇಕಾಗುತ್ತೆ.

ಇನ್ನು ಹೇಗೆ ಕೇಳೋದು? ಐದನ್ನೂ ಒಂದೇ ಉಸಿರಲ್ಲಿ ಕೇಳಿದ್ರೆ ಪೊಲೀಸ್ ವಿಚಾರಣೆ ಥರ ಆಗುತ್ತೆ. ಮೊದಲ ಸುತ್ತಿನಲ್ಲಿ ಒಂದೋ ಎರಡೋ ಸಾಕು, ಸಂಬಳದ್ದು ಆಫರ್ ಬರೋ ಹೊತ್ತಿಗೆ. "ಬಂದ ತಕ್ಷಣ ಸರಿಯಾಗಿ ಕೆಲಸ ಶುರು ಮಾಡೋಕೆ ಕೇಳ್ತಿದೀನಿ ಮೇಡಂ" ಅಂತ ಒಂದು ಮಾತು ಸೇರಿಸಿ. ಕೆಲಸ ಗೊತ್ತಿರೋ ಮ್ಯಾನೇಜರ್‌ಗೆ ಬಜೆಟ್ ಕೇಳಿದ ಹುಡುಗಿಯೋ ಹುಡುಗನೋ ನೆನಪಲ್ಲಿ ಉಳೀತಾರೆ. ಬಾಯಲ್ಲಿ ಹೇಳಿದ್ದನ್ನ ಇಮೇಲ್‌ನಲ್ಲಿ ಒಮ್ಮೆ ಖಚಿತ ಮಾಡ್ಕೊಳ್ಳಿ.

"ಇಷ್ಟೆಲ್ಲಾ ನೋಡ್ತಾ ಕೂತ್ರೆ ನಮಗೆ ಕೆಲಸ ಯಾರು ಕೊಡ್ತಾರೆ?" ಅಂತ ಕೆಲವರು ಕೇಳಬಹುದು. ನ್ಯಾಯವಾದ ಮಾತು. ಮನೆಯಲ್ಲಿ ಸಾಲ ಇದ್ರೆ, ಉತ್ತರ ಸರಿ ಇಲ್ಲದಿದ್ರೂ ಸೇರಬೇಕಾಗುತ್ತೆ. ಸೇರಿ. ಆದ್ರೆ ಕೈಗೆ ಎಷ್ಟು ಬರುತ್ತೆ, ಏನು ಕೆಲಸ, ಎಷ್ಟು ತಿಂಗಳು ಇದ್ದು ಏನು ಕಲೀಬೇಕು ಅನ್ನೋದು ಗೊತ್ತಿದ್ದು ಸೇರೋದೇ ಬೇರೆ, ಮೂರನೇ ವಾರ ಹೆಡ್‌ಸೆಟ್ ಬಂದಾಗ ತಿಳಿಯೋದೇ ಬೇರೆ.

ಈ ವಾರ ಇಂಟರ್‌ವ್ಯೂ ಇರೋ ಸ್ನೇಹಿತರಿಗೆ ಇದನ್ನ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆಫರ್ ಲೆಟರ್‌ನ ಸಾಲು ಸಾಲಾಗಿ ಓದೋಣ. ಅಲ್ಲೀವರೆಗೆ, ನಮಸ್ಕಾರ.