ನವರಾತ್ರಿಯ ಮನೆ, ಕೌದಿಯ ಪಾಠಶಾಲೆ

ಭಾದ್ರಪದದ ಕೊನೆಯ ಮೋಡಗಳು ಚದುರಿ ಆಶ್ವಯುಜದ ಬಿಸಿಲು ಅಂಗಳಕ್ಕೆ ಇಳಿಯಿತೆಂದರೆ ನಮ್ಮ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಅಟ್ಟದ ಮೇಲಿನ ಸಾಮಾನು ಕೆಳಕ್ಕೆ ಬರುತ್ತದೆ. ಕೆಳಗಿನ ಸಾಮಾನು ಅಂಗಳಕ್ಕೆ ಬರುತ್ತದೆ. ಮನೆಯ ಗಂಡಸರು ಯಾವುದಾದರೊಂದು ನೆಪ ಹೂಡಿ ಪೇಟೆಯ ಕಡೆಗೆ ಹೊರಡುತ್ತಾರೆ. ನಾನೂ ಹಲವು ವರ್ಷ ಹೀಗೆಯೇ ಪಾರಾಗಿದ್ದವನು. 2025ರ ನವರಾತ್ರಿಯಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ತಪ್ಪಿಸಿಕೊಳ್ಳದೆ ಹೋದದ್ದೇ ಒಳ್ಳೆಯದಾಯಿತೆಂದು ಈಗ ತೋರುತ್ತದೆ.

ನನ್ನ ಊರು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ನಾನು ದಾವಣಗೆರೆಯಲ್ಲಿ ಅಧ್ಯಾಪಕ. ದಸರಾ ರಜೆ ಬಂದೊಡನೆ ಹೆಂಡತಿ ಮತ್ತು ಎಂಟು ವರ್ಷದ ಮಗಳು ಅವ್ವನ ಬಳಿಗೆ ಹೋಗುತ್ತಾರೆ. ಬಿಡುವಾದಾಗ ನಾನು ಹೋಗಿ ಸೇರಿಕೊಳ್ಳುತ್ತೇನೆ.

ಅಡಿಕೆಯ ಕಾಲ, ಹಸನಿನ ಕಾಲ

ಚನ್ನಗಿರಿ ಸೀಮೆಯ ಮನೆಗಳಿಗೆ ಶರದೃತುವೆಂದರೆ ಬಿಡುವಿನ ಕಾಲವಲ್ಲ. ಅಡಿಕೆಯ ಕೊಯ್ಲು ಆಗಲೇ ಮೊದಲಾಗಿರುತ್ತದೆ. ಹಸಿ ಅಡಿಕೆಯನ್ನು ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ, ಬಿಸಿಲಿಗೆ ಹರವಿದರೆ ಅಂಗಳವೆಲ್ಲ ಕೆಂಪಾಗುತ್ತದೆ. ಹಿಂದೆ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು. ಈಗ ಬಹಳ ಕಡೆ ಆ ಕೆಲಸವನ್ನು ಯಂತ್ರ ಮಾಡುತ್ತದೆ.

ಈ ನಡುವೆಯೇ ಹಬ್ಬದ ಹಸನೂ ಆಗಬೇಕು. ಘಟಸ್ಥಾಪನೆಗೆ ಮುನ್ನ ಗೋಡೆಗೆ ಸುಣ್ಣ, ಕಂಬಗಳಿಗೆ ಎಣ್ಣೆ, ಹಿತ್ತಾಳೆಗೆ ಹುಣಸೆಹಣ್ಣು. ಮನೆಯ ಹಾಸಿಗೆ, ಹೊದಿಕೆ, ಕಂಬಳಿಗಳೆಲ್ಲವನ್ನೂ ಕೆರೆ ಇಲ್ಲವೆ ನಾಲೆಯ ದಂಡೆಗೆ ಹೊತ್ತು ಒಗೆದು ಒಣಗಿಸುವುದು ನಮ್ಮ ಕಡೆಯ ಹಳೆಯ ವಾಡಿಕೆ. ಪಟ್ಟಣಗಳಲ್ಲಿ ಬೇಡದ ವಸ್ತುಗಳನ್ನು ಕಳೆದುಕೊಳ್ಳುವುದು ಹೇಗೆಂದು ಇಂದು ಪುಸ್ತಕಗಳನ್ನೇ ಬರೆಯುತ್ತಿದ್ದಾರಲ್ಲವೆ? ನಮ್ಮ ಪಂಚಾಂಗವು ಆ ಕೆಲಸಕ್ಕೆಂದು ಒಂದು ಕಾಲವನ್ನೇ ಇಟ್ಟಿದೆ.

ಪೆಟ್ಟಿಗೆ ತೆರೆದ ದಿನ

ಸೆಪ್ಟೆಂಬರ್ 20, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಅಟ್ಟದಿಂದ ಮೊದಲು ಇಳಿದವು ನನ್ನ ಎಂ.ಎ. ತರಗತಿಯ ಟಿಪ್ಪಣಿಗಳು, ಮೂರು ರಟ್ಟಿನ ಪೆಟ್ಟಿಗೆ. ಅವ್ವ ಕೇಳಿದಳು: “ಇದನ್ನ ಕಟ್ಟಿಟ್ಟ ಮ್ಯಾಲೆ ಒಂದು ಸಲನಾದ್ರೂ ಬಿಚ್ಚಿದೀಯೇನಪ್ಪಾ?” ಉತ್ತರವಿರಲಿಲ್ಲ. ಎರಡು ಪೆಟ್ಟಿಗೆ ರದ್ದಿಗೆ ಹೋಯಿತು.

ಆಮೇಲೆ ಕೆಳಗಿಳಿದದ್ದು ತಗಡಿನ ಟ್ರಂಕು. ಅದರಲ್ಲಿದ್ದದ್ದು ಅಪ್ಪನ ಧೋತರಗಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು; ಆ ಟ್ರಂಕನ್ನು ಯಾರೂ ಮುಟ್ಟಿರಲಿಲ್ಲ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗುತ್ತಿದ್ದಳು. ನನ್ನ ಹೆಂಡತಿ ಮೆಲ್ಲಗೆ, “ಅತ್ತೆ, ಇವನ್ನೇನು ಮಾಡೋಣ?” ಎಂದು ಕೇಳಿದಳು. ಇಟ್ಟರೆ ನುಸಿ, ಕೊಟ್ಟರೆ ಎದೆಗೆ ಭಾರ. ನಾನು ವಾಡಿಕೆಯಂತೆ ಪೇಟೆಗೆ ಹೊರಡುವ ನೆಪ ಹುಡುಕುತ್ತಿದ್ದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಕೊಡಬ್ಯಾಡ್ರಿ, ಇಡಾದೂ ಬ್ಯಾಡ. ಕೌದಿ ಹೊಲಿಯಾಣ. ನನ್ನ ಕಣ್ಣು ಇರೋದ್ರಾಗೆ ಈ ಕೂಸಿಗೂ ಒಂದೀಟು ಕೈ ಕೂರ್ಲಿ” ಎಂದಳು. ಹಿಂದಿನ ವರ್ಷ ಅವಳ ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು, ಇನ್ನೊಂದು ಮಸುಕಾಗುತ್ತಿತ್ತು. ಅವಳು ಕೌದಿ ಹೊಲಿದು ಹತ್ತು ವರ್ಷವಾಗಿತ್ತು. ನನ್ನ ಹೆಂಡತಿಗೆ ಆ ವಿದ್ಯೆ ಬಾರದು.

ಬತ್ತಿಯ ಬೆಂಕಿಯಲ್ಲಿ ವಿಜ್ಞಾನ

ಕೌದಿಯೆಂದರೆ ಬರಿಯ ತೇಪೆಯ ಗಂಟೆಂದು ತಿಳಿದವರುಂಟು. ಅದಕ್ಕೊಂದು ಕ್ರಮವಿದೆ. ಮೇಲೊಂದು ಕೆಳಗೊಂದು ಗಟ್ಟಿಯಾದ ಸೀರೆ. ನಡುವೆ ಸವೆದ ಬಟ್ಟೆಯ ಪದರಗಳು. ಅವು ಸರಿಯದಂತೆ ಮೊದಲು ಸಡಿಲವಾದ ಹೊಲಿಗೆ. ಅನಂತರ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಸಾಗುವ ಸಣ್ಣ ಹೊಲಿಗೆ.

ಬಟ್ಟೆ ಆರಿಸುವುದೇ ಮೊದಲ ಪಾಠವಾಯಿತು. ನೂಲಿನ ಬಟ್ಟೆ ಬೆವರು ಹೀರುತ್ತದೆ. ಪಾಲಿಯೆಸ್ಟರ್ ಹೀರದು, ಜಾರುತ್ತದೆ. ಗುರುತಿಸುವುದು ಹೇಗೆ? ಅವ್ವ ಪ್ರತಿ ಬಟ್ಟೆಯಿಂದ ಒಂದೊಂದು ಎಳೆ ಕಿತ್ತು ದೀಪದ ಕುಡಿಗೆ ಹಿಡಿದಳು. ಹತ್ತಿಯ ಎಳೆ ಕಾಗದದ ವಾಸನೆ ಬೀರುತ್ತ ಉರಿದು, ಮುಟ್ಟಿದರೆ ಉದುರುವ ಬೂದಿಯಾಯಿತು. ಪಾಲಿಯೆಸ್ಟರಿನ ಎಳೆ ಮುದುಡಿ, ಕರಗಿ, ಕರಿಯ ಮಣಿಯಂತೆ ಗಟ್ಟಿಯಾಯಿತು. ಮಗಳು ನೋಟುಪುಸ್ತಕದಲ್ಲಿ ಎರಡು ಪಟ್ಟಿ ಬರೆದಳು: ‘ಬೂದಿ’, ‘ಮಣಿ’. ‘ಬೂದಿ’ಯ ಪಟ್ಟಿಯಲ್ಲಿ ಮೊದಲು ಬಂದದ್ದು ಅಪ್ಪನ ಧೋತರ. ಹತ್ತಿಯ ಗಿರಣಿಗಳಿಂದಾಗಿ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತೆಂಬ ಚರಿತ್ರೆಯನ್ನು ಆ ಸಂದರ್ಭದಲ್ಲಿ ನಾನೂ ಹೇಳಿದೆ.

ಇಪ್ಪತ್ನಾಲ್ಕು, ಇಪ್ಪತ್ತು, ಹದಿನಾರು

ನನ್ನ ಮಗಳಿಗೆ ಲೆಕ್ಕವೆಂದರೆ ಅಳು. ಶಾಲೆಯ ಅಂಕಪಟ್ಟಿಯನ್ನು ಚೀಲದ ತಳದಲ್ಲಿ ಬಚ್ಚಿಡುವಷ್ಟು ಭಯ. ಕೌದಿಯ ಅಳತೆ ಏಳು ಅಡಿ ಉದ್ದ, ಐದು ಅಡಿ ಅಗಲ. ಗೆರೆ ತಪ್ಪದಿರಲೆಂದು ಅರ್ಧರ್ಧ ಅಡಿಗೊಂದು ಸುತ್ತನ್ನು ಸೀಮೆಸುಣ್ಣದಿಂದ ಎಳೆಯಲು ಅವ್ವ ಹೇಳಿದಳು. ಹೊರ ಅಂಚು 24 ಅಡಿ. ಒಳಗಿನ ಸುತ್ತು 20, ಅದರೊಳಗಿನದು 16. ನಾಲ್ಕನೆಯದನ್ನು ಅಳೆಯುವ ಮೊದಲೇ ಮಗಳು, “ಅಜ್ಜೀ, ಇದು ಹನ್ನೆರಡು! ಆಮೇಲೆ ಎಂಟು!” ಎಂದು ಕೂಗಿದಳು. ಪ್ರತಿ ಸುತ್ತಿಗೂ ನಾಲ್ಕು ಅಡಿ ಏಕೆ ಇಳಿಯುತ್ತದೆ? ನಾಲ್ಕು ಬದಿಗಳಲ್ಲಿ ಒಂದೊಂದೂ ಒಂದೊಂದು ಅಡಿ ಕುಗ್ಗುವುದರಿಂದ. ಅದನ್ನು ಅವಳೇ ಕಂಡುಕೊಂಡಳು. ಅವ್ವ ನಕ್ಕು, “ಒಳಾಗೆ ಹೋದಂಗೆ ದಾರ ಕಡಿಮೆ ಬೇಕು ಅಂತ ನಂಗೆ ಗೊತ್ತಿತ್ತು. ಯಾಕೆ ಅಂತ ಈಗ ಗೊತ್ತಾತು” ಎಂದಳು. ಗುರು ಶಿಷ್ಯರ ಸ್ಥಾನ ಹೀಗೆ ಕ್ಷಣಕಾಲ ಅದಲುಬದಲಾಯಿತು.

ಆಯುಧಪೂಜೆಯ ದಿನ ಸೂಜಿ, ಕತ್ತರಿ, ಅಡಿಕೆಯ ಕತ್ತಿ, ಮಗಳ ಗಣಿತದ ಪುಸ್ತಕ ಎಲ್ಲವೂ ಪೂಜೆಗೆ ಕುಳಿತವು; ಆ ದಿನ ಹೊಲಿಗೆಯೂ ಇಲ್ಲ, ಓದೂ ಇಲ್ಲ. ಮರುದಿನ ಅಕ್ಟೋಬರ್ 2. ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಂದೇ ದಿನ ಬಂದಿದ್ದವು. ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ಬರೆಸುವ ಆ ಶುಭದಿನದಂದು ಮಗಳು ಪುಸ್ತಕದೊಡನೆ ಸೂಜಿಯನ್ನೂ ಕೈಗೆತ್ತಿಕೊಂಡಳು.

ಮನೆಯೂ ಶಾಲೆಯೂ

ಕೈಗೆಲಸದ ಮೂಲಕ ಪಾಠವೆಂಬುದು ಹೊಸ ವಿಚಾರವಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ್ದು ಇದನ್ನೇ, ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೊಂದು ಪಠ್ಯಕ್ರಮ ರೂಪಿಸಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳಲ್ಲಿ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರು ಕೌದಿಯಂಥದೇ ‘ಕವಂದಿ’ಯನ್ನು ಹೊಲಿಯುತ್ತಾರೆ. ಅದರ ಮೂಲೆಗಳಿಗೆ ‘ಫುಲಾ’ ಎಂಬ ಮಡಿಸಿದ ಬಟ್ಟೆಯ ಹೂ ಕೂರಿಸಿದರಷ್ಟೆ ಕವಂದಿ ಪೂರ್ಣ. ಬಂಗಾಳದ ‘ಕಾಂಥಾ’ವೂ ಇದೇ ಬಳಗದ್ದು. ಉಣ್ಣೆಯ ಹೆಣಿಗೆ ಚಳಿನಾಡಿನ ಗೃಹಿಣಿಗೆ ಹೇಗೋ ನಮ್ಮ ನಾಡಿಗೆ ಕೌದಿ ಹಾಗೆ. ಉಣ್ಣೆಯ ಬೆಚ್ಚನೆಗೆ ಚಳ್ಳಕೆರೆಯ ಕಂಬಳಿ ಇದ್ದೇ ಇದೆ.

ಹಾಗೆಂದು ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಗಿ 2010ರಿಂದ ಜಾರಿಯಲ್ಲಿದೆ. ಅದು ದೊಡ್ಡ ಗಳಿಕೆ. ಆದರೆ 2020ರಲ್ಲಿ ಕೊರೋನಾ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಮೇಷ್ಟ್ರುಗಳು ‘ವಿದ್ಯಾಗಮ’ದ ಹೆಸರಿನಲ್ಲಿ ಹಳ್ಳಿಯ ಜಗಲಿ, ಮರದ ನೆರಳುಗಳಿಗೇ ಬಂದದ್ದನ್ನು ನೆನೆಯಬೇಕು. ಜಗಲಿಯೂ ಪಾಠಶಾಲೆಯಾಗಬಲ್ಲದೆಂದು ಆಗ ಕಂಡೆವು. ಶಾಲೆ ತೆರೆದೊಡನೆ ಮರೆತೆವು.

2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಅನುದಾನಿತ ಶಾಲೆಯ ನನ್ನ ಮಗಳಿಗೂ ಆ ಲಾಭ ದೊರೆಯಿತು. ಕೌದಿ ದೀಪಾವಳಿಗೆ ಮುಗಿಯಿತು. ಹೊರಗಿನ ಸುತ್ತುಗಳ ಹೊಲಿಗೆ ಅವ್ವನದು, ಅಕ್ಕಿಕಾಳಿನಂತೆ ಒಂದೇ ಸಮ. ಒಳಗಿನವು ಮಗಳವು, ಒಂದು ಉದ್ದ, ಒಂದು ಗಿಡ್ಡ. ನಡುವೆ ಎರಡು ಸುತ್ತು ನನ್ನ ಹೆಂಡತಿಯವು. ಬಿಚ್ಚಿ ಸರಿಪಡಿಸಲೇ ಎಂದು ಮಗಳು ಕೇಳಿದ್ದಕ್ಕೆ ಅವ್ವ, “ಬ್ಯಾಡ, ಮುಂದಿನ ವರ್ಷದ್ದನ್ನ ನೆಟ್ಟಗೆ ಹೊಲಿ” ಎಂದಳು. ತಗಡಿನ ಟ್ರಂಕಿನಲ್ಲಿ ಈಗ ಮುಂದಿನ ಕೌದಿಗೆ ಆರಿಸಿದ ಬಟ್ಟೆಗಳಿವೆ.

ಓದುಗರಲ್ಲಿ ನನ್ನದೊಂದೇ ಬಿನ್ನಹ. ಮುಂದಿನ ಹಬ್ಬಕ್ಕೆ ಮನೆ ಹಸನು ಮಾಡುವಾಗ, ಹಳೆಯ ಬಟ್ಟೆಯವಳನ್ನು ಕರೆಯುವ ಮುನ್ನ, ಮನೆಯ ಅತಿ ಹಿರಿಯರನ್ನೂ ಅತಿ ಕಿರಿಯರನ್ನೂ ಆ ರಾಶಿಯ ಮುಂದೆ ಒಂದು ಮಧ್ಯಾಹ್ನ ಕೂರಿಸಿರಿ. ಗಂಡಸರು ಅಂದು ಪೇಟೆಗೆ ಹೋಗದಿದ್ದರೆ ಇನ್ನೂ ಒಳ್ಳೆಯದು.