ಹಳೆಯ ಸ್ಟೇಷನ್ ವ್ಯಾಗನ್ನಿಗೆ ಹೊಸ ಷಾಕ್ ಅಬ್ಸಾರ್ಬರುಗಳ ಆಯ್ಕೆ

1992ರಲ್ಲಿ ಮಾರಾಟಕ್ಕೆ ಬಂದ ಟಾಟಾ ಎಸ್ಟೇಟಿನಂತಹ ಹಳೆಯ ಸ್ಟೇಷನ್ ವ್ಯಾಗನ್ನನ್ನು ಇಟ್ಟುಕೊಂಡಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜಮೀನುದಾರರು ಮೊದಲು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಅಡಕೆ ಮೂಟೆಗಳ ಭಾರವನ್ನು ಹೊರುವುದು ಸ್ಪ್ರಿಂಗೇ ಹೊರತು ಷಾಕ್ ಅಬ್ಸಾರ್ಬರಲ್ಲ. ಷಾಕಿನೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ಹಾಯುವಾಗ ಉಂಟಾಗುವ ತಡೆಯಿಂದ ಸ್ಪ್ರಿಂಗಿನ ಕುಣಿತವು ಅಡಗುತ್ತದೆ, ಅಷ್ಟೆ. ಆದುದರಿಂದ ಹಿಂಭಾಗವು ಕುಸಿದಿರುವ ಗಾಡಿಗೆ ಗಡುಸಾದ ಷಾಕನ್ನು ಹಾಕಿಸುವುದು ವ್ಯರ್ಥವ್ಯಯವು, ಸ್ಪ್ರಿಂಗನ್ನೇ ಸರಿಪಡಿಸಬೇಕು.

ಗಾಡಿಯ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಎರಡು ಮೂರು ಬಾರಿ ಕುಣಿದರೆ, ಅಥವಾ ಷಾಕಿನ ಮೈಮೇಲೆ ಎಣ್ಣೆ ಜಿನುಗಿದ್ದರೆ, ಅದು ಸವೆದಿದೆಯೆಂದು ತಿಳಿಯಬೇಕು. ಇಂತಹ ಗಾಡಿಯ ಚಕ್ರವು ಉಬ್ಬುತಗ್ಗುಗಳಲ್ಲಿ ನೆಲವನ್ನು ಬಿಟ್ಟು ಪುಟಿಯುವುದರಿಂದ, ಆಗುಂಬೆ, ಹುಲಿಕಲ್ ಘಾಟಿಗಳ ಒದ್ದೆ ತಿರುವುಗಳಲ್ಲಿ ಅದರ ಬ್ರೇಕನ್ನು ನಂಬುವಂತಿಲ್ಲ.

ಕೊಳ್ಳುವಾಗ ಉದ್ದವೇ ಮುಖ್ಯ. ಹಳೆಯದನ್ನು ಪೂರ್ತಿ ಎಳೆದಾಗಲೂ ಪೂರ್ತಿ ಒತ್ತಿದಾಗಲೂ ಅಳೆದು ಹೊಸದರೊಡನೆ ಹೋಲಿಸಬೇಕು. ಗಿಡ್ಡದಾದರೆ, ಚಕ್ರವು ಗುಂಡಿಗೆ ಇಳಿದಾಗ ಎಳೆತವೆಲ್ಲ ಷಾಕಿನ ಮೇಲೆಯೇ ಬಿದ್ದು ಅದರ ಹಿಡಿಕೆ ಕಿತ್ತುಬರುವುದು. ಉದ್ದವಾದರೆ, ತುಂಬಿದ ಗಾಡಿಯಲ್ಲಿ ತಳ ಬಡಿದು ಒಡೆಯುವುದು. ತೋಟದ ಕಚ್ಚಾ ರಸ್ತೆಯಲ್ಲಿ ಬಹಳವಾಗಿ ಓಡಾಡುವವರಿಗೆ, ಎಣ್ಣೆಯು ನೊರೆಗಟ್ಟದಂತೆ ಸಾರಜನಕ ತುಂಬಿದ ಬಗೆಯು ಲೇಸು. ಒಂದು ಅಚ್ಚಿನ ಎರಡನ್ನೂ ರಬ್ಬರ್ ಬುಷ್ಷುಗಳ ಸಹಿತ ಒಟ್ಟಿಗೆ ಬದಲಾಯಿಸತಕ್ಕದ್ದು. ಒಂದೇ ಸಾಕೆಂದು ಗ್ಯಾರೇಜಿನವರು ಹೇಳುವುದುಂಟು, ಒಪ್ಪಲಾಗದು.